ಕೈ ಹಿಡಿದು ‘ಮಾತಾಡಿಸುವ’ ಥೆರಪಿ: ದಯವಿಟ್ಟು ಹುಷಾರು

ಮಾತು ಬಾರದ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ಮಗುವಿನ ಕೈಯನ್ನೋ ಮಣಿಕಟ್ಟನ್ನೋ ಹಿಡಿದು, ಅಕ್ಷರದ ಬೋರ್ಡ್ ಮೇಲೆ ಬೆರಳು ಓಡಿಸಿ, ‘ನಿಮ್ಮ ಮಗು ಏನು ಹೇಳ್ತಿದೆ ನೋಡಿ’ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಎದ್ದು ಬನ್ನಿ ಅಷ್ಟೇ.

ನಮ್ಮ ಮಗನಿಗೆ ಆಟಿಸಂ. ಮಾತಿಲ್ಲ. ಸ್ಪೀಚ್ ಥೆರಪಿ ಹೇಗಿರುತ್ತೆ ನಿಮಗೆ ಗೊತ್ತೇ ಇದೆ, ತಿಂಗಳುಗಟ್ಟಲೆ ಕೂತರೆ ಒಂದು ಸಣ್ಣ ಬದಲಾವಣೆ. ಹೀಗೆ ಕೈ ಹಿಡಿದು ಬರೆಸುವ ಒಬ್ಬ ಥೆರಪಿಸ್ಟ್ ಹತ್ತಿರ ಹೋದೆವು, ಇವರ ಹತ್ತಿರ ಶುರುವಿನಲ್ಲೇ ಪೂರ್ತಿ ವಾಕ್ಯಗಳು! ‘ಅಮ್ಮಾ, ನನ್ನೊಳಗೆ ತುಂಬಾ ಮಾತಿದೆ’ ಅಂತ ಬಂತು. ಯಾವ ತಾಯಿಗೆ ಕಣ್ಣೀರು ಬರಲ್ಲ ಹೇಳಿ. ನೆಂಟರಿಗೆಲ್ಲ ಫೋನ್ ಮಾಡಿ ಓದಿ ಹೇಳಿದ್ದೆ. ಈಗ ಅವರ ಮುಖ ನೋಡಲು ನಾಚಿಕೆ.

ಒಂದು ದಿನ ಸುಮ್ನೆ ಕೇಳಿದೆ, ‘ನಿನ್ನೆ ಮನೇಲಿ ಏನು ಮುರೀತು ಕಂದಾ?’ ಅವನ ಆಟದ ರೈಲು ಮುರಿದಿತ್ತು. ಮಲಗುವವರೆಗೂ ಅತ್ತಿದ್ದ. ಥೆರಪಿಸ್ಟ್‌ಗೆ ಇದು ಗೊತ್ತಿರಲಿಲ್ಲ. ಮಗ ಮೇಲೆ ತಿರುಗುವ ಫ್ಯಾನ್ ನೋಡುತ್ತಿದ್ದ. ಬೋರ್ಡ್ ಕಡೆ ಕಣ್ಣೇ ಇಲ್ಲ, ಬೆರಳು ಮಾತ್ರ ಓಡುತ್ತಿದೆ. ಬಂದ ಉತ್ತರ: ‘ನನ್ನ ಮನಸ್ಸು.’

‘ಎಷ್ಟು ಆಳವಾಗಿ ಯೋಚಿಸ್ತಾನೆ ನೋಡಿ ಮೇಡಂ!’ ಅಂದರು.

ಮನಸ್ಸಂತೆ! ರೈಲು ರೀ, ರೈಲು! ಅಲ್ಲೇ ಮೈಯೆಲ್ಲ ಉರಿದುಹೋಯಿತು. ಬೋರ್ಡ್ ನೋಡದೆ ಅಕ್ಷರ ಹೇಗೆ ತೋರಿಸುತ್ತಾನೆ ಅಂದರೆ, ‘ಓರೆಗಣ್ಣಲ್ಲಿ ನೋಡ್ತಾನೆ, ನಿಮಗೆ ಗೊತ್ತಾಗಲ್ಲ.’ ನೀವು ಹೊರಗಿರಿ, ನಾನು ಅವನಿಗೆ ಒಂದು ಚಿತ್ರ ತೋರಿಸ್ತೀನಿ, ಆಮೇಲೆ ಬಂದು ಅದೇನು ಅಂತ ಬರೆಸಿ ಅಂದೆ. ‘ಪರೀಕ್ಷೆ ಮಾಡೋದು ಮಗುವಿಗೆ ಅವಮಾನ. ನಂಬಿಕೆ ಇಲ್ಲದ ಕಡೆ ಅವನು ಬರೆಯಲ್ಲ.’ ರಾತ್ರಿ ವಾಟ್ಸಾಪ್‌ನಲ್ಲಿ ಇನ್ನೊಂದು: ‘ಅಮ್ಮನ ಮೇಲೆ ಬೇಸರ ಅಂತ ಇವತ್ತು ಬರೆದಿದ್ದಾನೆ.’ ನನ್ನ ಮಗನ ಬಾಯಲ್ಲಿ ನನಗೇ ಬೈಗುಳ ಹಾಕಿಸುತ್ತಾರಲ್ಲ, ಇವರಿಗೇನು ಹೇಳಬೇಕು?

ಇದಕ್ಕೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಅಂತ ಹೆಸರು. 1990ರ ದಶಕದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕಲಿಯುವವರಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೆ ಚಿತ್ರ. ಬೋರ್ಡ್ ಮೇಲೆ ಬಂದದ್ದು ಕೈ ಹಿಡಿದವರು ನೋಡಿದ್ದೇ. ಎಷ್ಟೋ ಸಲ ತಾವೇ ಬೆರಳು ನಡೆಸುತ್ತಿದ್ದೇವೆ ಅಂತ ಅವರಿಗೂ ಗೊತ್ತಾಗಲ್ಲವಂತೆ. ಇರಬಹುದು. ಆದರೆ ಪರೀಕ್ಷೆ ಅಂದ ಕೂಡಲೇ ಯಾಕಷ್ಟು ಗಾಬರಿ? ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಸ್ಥೆ ಆಶಾ 2018ರಲ್ಲಿ ಇದನ್ನು ಬಳಸಬೇಡಿ ಎಂದು ನೇರವಾಗಿ ಹೇಳಿದೆ. ಮಗುವಿನ ಕೈ ಬಿಟ್ಟು, ಬೋರ್ಡನ್ನು ತಾವೇ ಹಿಡಿದು ಮುಂದೊಡ್ಡುವ ರ‍್ಯಾಪಿಡ್ ಪ್ರಾಂಪ್ಟಿಂಗ್ ಕೂಡ ಬೇಡ ಎಂದಿದೆ.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅಲ್ಲಿಗೆ ಹೋಗುವ ಮೊದಲು ಅವನು ನೀರು ಬೇಕಾದರೆ ನೀರಿನ ಚಿತ್ರದ ಕಾರ್ಡ್ ತಂದು ಕೈಗೆ ಕೊಡುತ್ತಿದ್ದ. ಯಾರೂ ಕೈ ಹಿಡಿಯದೆ, ತಾನಾಗೇ. ‘ಕಾರ್ಡ್ ಬಿಡಿಸಿ, ಮಗು ಸೋಮಾರಿ ಆಗುತ್ತೆ’ ಅಂದವರೂ ಇವರೇ. ಚಿತ್ರ ಬಳಸಿದರೆ ಮಾತು ನಿಂತುಹೋಗುತ್ತೆ ಅನ್ನುವುದು ಸುಳ್ಳು. ಈಗ ಬಾಯಾರಿದರೆ ಕಿರುಚುತ್ತಾನೆ. ಆ ಕಾರ್ಡ್‌ಗಳನ್ನು ಮೊದಲಿಂದ ಕಲಿಸುತ್ತಿದ್ದೇವೆ.

ಸೇರಿಸುವ ಮೊದಲು ಥೆರಪಿಸ್ಟನ್ನು ಒಂದೇ ಮಾತು ಕೇಳಿ: ನಿಮಗೆ ಗೊತ್ತಿಲ್ಲದ ವಿಷಯ ಮಗು ಬರೆದು ತೋರಿಸುತ್ತಾ? ಮಗು ತಾನೇ ಕಾರ್ಡ್ ಕೊಟ್ಟರೆ, ತಾನೇ ಟ್ಯಾಬ್ ಒತ್ತಿದರೆ, ತಾನೇ ಸನ್ನೆ ಮಾಡಿದರೆ ಅದು ಮಗುವಿನ ಮಾತು. ನಂಬಿಕೆ ಗಿಂಬಿಕೆ ಅಂತ ಶುರುಮಾಡಿದರೆ ಚಪ್ಪಲಿ ಹಾಕಿಕೊಳ್ಳಿ.

ಮುಂಗಡ ಕಟ್ಟಿದ್ದ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಕೇಳಿ: ‘ನನಗೆ ಇಲ್ಲೇ ಇಷ್ಟ, ಬಿಡಿಸಬೇಡಿ ಅಂತ ನಿಮ್ಮ ಮಗನೇ ಬರೆದಿದ್ದಾನೆ ಮೇಡಂ.’ ದುಡ್ಡು ಇನ್ನೂ ಬಂದಿಲ್ಲ.