ಬಾಡಿಗೆ ಮನೆಗೆ ಯಾವ ಖರ್ಚು ಸರಿ? ಕೆಳಮನೆ, ಮೇಲ್ಮನೆಯಲ್ಲಿ ಮಾಡಿ ನೋಡಿದ್ದು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಹಳೆ ಕಟ್ಟಡ ಇದೆ. ಕೆಳಗೊಂದು ಮನೆ, ಮೇಲೊಂದು ಮನೆ. ಎರಡೂ ಬಾಡಿಗೆಗೆ, ಎರಡೂ ಒಂದೇ ಅಳತೆ. ಹಾಗಾಗಿ ಏನಾದರೂ ಕೆಲಸ ಬಂದಾಗ ಕೆಳಗೆ ಒಂದು ಥರ, ಮೇಲೆ ಇನ್ನೊಂದು ಥರ ಮಾಡಿಸಿ ನೋಡುತ್ತಾ ಬಂದೆ. ಈಗ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನೀರು ತಾಗುವ ಜಾಗಕ್ಕೆ ಮೊದಲು ದುಡ್ಡು ಹಾಕಬೇಕು. ಚಂದ ಕಾಣಲಿ ಅಂತ ಮಾಡಿಸಿದ್ದು ಬಾಡಿಗೆಯಲ್ಲಿ ವಾಪಸ್ ಬರುವುದು ಕಷ್ಟ.

ತಾರಸಿಯನ್ನೇ ನೋಡಿ. ನಮ್ಮದು ಎರಡು ತುಂಡು. ಮುಂದಿನದು ಹಳೆಯದು, ಹಿಂದಿನದು ಆಮೇಲೆ ಕಟ್ಟಿಸಿದ್ದು. ಎರಡೂ ಸೋರುತ್ತಿದ್ದವು. ಹಿಂದಿನ ಭಾಗಕ್ಕೆ ಬಿರುಕು ಮುಚ್ಚಿಸಿ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದೆ, ಅಷ್ಟೇ. ಮುಂದಿನ ಭಾಗಕ್ಕೆ ಮೊದಲು ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಸರಿ ಮಾಡಿಸಿದೆ. ಪ್ಯಾರಾಪೆಟ್ ಗೋಡೆ ಬಂದು ಸೇರುವ ಮೂಲೆ ಚೂಪಾಗಿರದಂತೆ ಸಿಮೆಂಟಿನಲ್ಲಿ ಗುಂಡಗೆ ಕಟ್ಟಿಸಿದೆ. ಆಮೇಲೆ ಅದೇ ಕೋಟಿಂಗ್. ಖರ್ಚು ಹತ್ತಿರಹತ್ತಿರ ಎರಡು ಪಟ್ಟು ಆಯಿತು.

ಮೊದಲ ಮಳೆಗಾಲದಲ್ಲಿ ಎರಡೂ ಒಂದೇ ಥರ ಒಣಗಿದ್ದವು. ವ್ಯತ್ಯಾಸ ಗೊತ್ತಾಗಿದ್ದು ಆಮೇಲೆ. ಹಿಂದಿನ ಭಾಗದಲ್ಲಿ ನೀರು ನಿಲ್ಲುತ್ತಿದ್ದ ಕಡೆ ಪಾಚಿ ಕಟ್ಟಿತು, ಪೈಪಿನ ಬಾಯಿ ಹತ್ತಿರ ಕೋಟಿಂಗ್ ಎದ್ದು ಬಂತು. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಆ ಎಳೆತ ಮೂಲೆಗಳಲ್ಲಿ ಜಾಸ್ತಿ. ಅಲ್ಲಿ ತೆಳ್ಳನೆಯ ಪದರ ಎಷ್ಟು ದಿನ ತಡೆದೀತು? ಮುಂದಿನ ಭಾಗದಲ್ಲಿ ನೀರು ನಿಲ್ಲುವುದೇ ಇಲ್ಲ, ಹಾಗಾಗಿ ಕೋಟಿಂಗ್ ಇನ್ನೂ ಚೆನ್ನಾಗಿದೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಕೋಟಿಂಗನ್ನು ಮುಂದಕ್ಕೆ ಹಾಕಿ, ವಾಟವನ್ನು ಮೊದಲು ಮಾಡಿಸಿ ಅಂತಲೇ ನಾನು ಹೇಳುತ್ತೇನೆ. ಮೈಸೂರಿನಲ್ಲಿ ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಮಳೆ ಜೋರು. ಹಾಗಾಗಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ತಾರಸಿ ಪೂರ್ತಿ ಒಣಗಿರಬೇಕು.

ಅಡುಗೆಮನೆ ವಿಷಯದಲ್ಲಿ ತುಂಬಾ ಜನ ಓನರ್‌ಗಳು ಮಾಡ್ಯುಲರ್ ಕಿಚನ್ ಕಡೆ ವಾಲುತ್ತಾರೆ. ಕೆಳಮನೆಗೆ ನಾನೂ ಅದನ್ನೇ ಮಾಡಿಸಿದೆ, ಸುಮಾರು 1.2 ಲಕ್ಷ ಆಯಿತು. ಮೇಲ್ಮನೆಗೆ ಕಡಪ ಕಲ್ಲಿನ ಶೆಲ್ಫು, ಅಲ್ಯೂಮಿನಿಯಂ ಫ್ರೇಮಿನ ಬಾಗಿಲು. ಅದಕ್ಕೆ ಸುಮಾರು 40,000. ಮನೆ ನೋಡಲು ಬಂದವರು ಕೆಳಗಿನದನ್ನೇ ಹೊಗಳುತ್ತಾರೆ, ಒಪ್ಪುತ್ತೇನೆ. ಆದರೆ ಬಾಡಿಗೆಯಲ್ಲಿ ಸಿಕ್ಕಿದ ವ್ಯತ್ಯಾಸ ತಿಂಗಳಿಗೆ 1,000 ಮಾತ್ರ. ಹೆಚ್ಚಿಗೆ ಹಾಕಿದ 80,000 ವಾಪಸ್ ಬರಲು 80 ತಿಂಗಳು ಬೇಕು, ಅಂದರೆ ಆರೂವರೆ ವರ್ಷ ದಾಟುತ್ತದೆ. ಅಷ್ಟರೊಳಗೆ ಸಿಂಕಿನ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿತು. ಕಡಪ ಕಲ್ಲಿಗೆ ಉಬ್ಬುವ ಮಾತಿಲ್ಲ, ಗೆದ್ದಲಿನ ಭಯವೂ ಇಲ್ಲ. ಮಾಡ್ಯುಲರ್ ಬೇಕೇ ಬೇಕು ಅಂದರೆ ಸಿಂಕಿನ ಕೆಳಗಾದರೂ ಕಲ್ಲೇ ಇರಲಿ.

ತೆರಿಗೆಯಲ್ಲಿ ಸರಿಹೋಗುತ್ತೆ ಬಿಡಿ ಅನ್ನುವವರಿಗೆ ಒಂದು ಮಾತು. ಬಾಡಿಗೆ ಆದಾಯದಲ್ಲಿ, ಕಟ್ಟಿದ ಮನೆ ಕಂದಾಯ ಕಳೆದ ಮೇಲೆ, ಶೇ. 30ರಷ್ಟು ವಿನಾಯಿತಿ ಹೇಗೂ ಸಿಗುತ್ತದೆ. ನೀವು ರಿಪೇರಿಗೆ ಒಂದು ರೂಪಾಯಿ ಹಾಕಿದರೂ ಅಷ್ಟೇ, ಎರಡು ಲಕ್ಷ ಹಾಕಿದರೂ ಅಷ್ಟೇ. ರಿಪೇರಿ ಬಿಲ್ಲುಗಳನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ.

ಬಿಸಿನೀರಿಗೆ ಕೆಳಗೆ ಗೀಸರ್, ಮೇಲೆ ಸೋಲಾರ್. ಗೀಸರ್ ಅಗ್ಗ, ಹಾಕಿಸುವುದೂ ಸುಲಭ. ಆದರೆ 2023ರಲ್ಲಿ ಗೃಹಜ್ಯೋತಿ (ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಯೋಜನೆ) ಬಂದ ಮೇಲೆ ಲೆಕ್ಕ ಬದಲಾಗಿದೆ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದೂವರೆ ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಹಾಗಾಗಿ ಬಾಡಿಗೆದಾರರು ಇದನ್ನು ಈಗ ಚೆನ್ನಾಗಿ ಲೆಕ್ಕ ಹಾಕುತ್ತಾರೆ. ನನ್ನ ಓಟು ಸೋಲಾರ್‌ಗೆ. ಬೋರ್ ನೀರಾದರೆ ಗಾಜಿನ ಟ್ಯೂಬಿನದ್ದು ವಾಸಿ. ಇನ್ನೊಂದು ಬಗೆಯದಾದ ಫ್ಲ್ಯಾಟ್ ಪ್ಲೇಟ್ ಸೋಲಾರ್‌ನ ಸಣ್ಣ ತಾಮ್ರದ ಕೊಳವೆಯಲ್ಲಿ ಸುಣ್ಣ ಕಟ್ಟಿಕೊಂಡರೆ ಬಿಡಿಸುವುದು ಪಾಡು. ಅಂದಹಾಗೆ, ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಬೇರೆಲ್ಲಾ ಬಿಟ್ಟು ಅದನ್ನು ಬೇರೆ ಮಾಡಿಸಿ. ಗೃಹಜ್ಯೋತಿ ಲೆಕ್ಕ ಹಾಕುವುದು ಮೀಟರಿನ ಮೇಲೆ. ಎರಡು ಸಂಸಾರದ ಯೂನಿಟ್ ಒಂದೇ ಕಡೆ ಸೇರಿದರೆ ಇಬ್ಬರಿಗೂ ನಷ್ಟ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸ್ಟೆಂಪರ್ ಅಗ್ಗ, ಆದರೆ ಒರೆಸಿದರೆ ಬಟ್ಟೆಗೇ ಬರುತ್ತದೆ. ಬಾಡಿಗೆದಾರರು ಬದಲಾದಾಗೆಲ್ಲ ಪೂರ್ತಿ ಹೊಡೆಸಬೇಕು. ತೊಳೆಯಬಹುದಾದ ಎಮಲ್ಷನ್ ಹಾಕಿ, ಎಲ್ಲಾ ರೂಮಿಗೂ ಒಂದೇ ಶೇಡ್ ಇಡಿ. ಕಲೆ ಬಿದ್ದ ಕಡೆ ಮಾತ್ರ ಟಚಪ್ ಮಾಡಿದರೆ ಸಾಕು. ಖಾಲಿ ಮನೆ ಬೇಗ ತಯಾರಾಗುತ್ತದೆ. ಆಷಾಢದಲ್ಲಿ ನಮ್ಮ ಕಡೆ ಮನೆ ಬದಲಾಯಿಸುವವರು ಕಮ್ಮಿ ಅಲ್ವಾ? ಜೂನ್‌ನಲ್ಲಿ ಬಣ್ಣಕ್ಕೆ ಅಂತ ಎರಡು ವಾರ ತಡವಾದರೆ ಶ್ರಾವಣದವರೆಗೆ ಬೀಗ ಹಾಕಿಕೊಂಡು ಕೂರಬೇಕಾಗುತ್ತದೆ. 15,000 ಬಾಡಿಗೆಯ ಮನೆಗೆ ಒಂದು ತಿಂಗಳು ಬೀಗ ಬಿದ್ದರೆ ಆ 15,000 ಹೋದ ಹಾಗೆಯೇ.

ಇನ್ನು ನೆಲ. ಮೇಲ್ಮನೆಯಲ್ಲಿ ರೆಡ್ ಆಕ್ಸೈಡ್, ಅಂದರೆ ಹಳೇ ಕೆಂಪು ಸಿಮೆಂಟ್ ನೆಲ, ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆ. ಕೆಳಗೆ ಹಳೇ ನೆಲವನ್ನೇ ಪಾಲಿಶ್ ಮಾಡಿಸಿ ಬಿಟ್ಟೆ. ಟೈಲ್ಸ್ ಹಾಕಿಸಿದ್ದಕ್ಕೆ ಅಂತ ಬಾಡಿಗೆ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಬಿರುಕು ಬಿಡದ ರೆಡ್ ಆಕ್ಸೈಡ್ ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಒಡೆಸಬೇಡಿ. ಅದನ್ನು ಹೊಸದಾಗಿ ಹಾಕಿ ಉಜ್ಜಿ ಹೊಳಪು ತರಿಸುವ ಕೈಗಳು ಈಗ ಸುಲಭವಾಗಿ ಸಿಗುವುದಿಲ್ಲ.