ಕಣ್ಣೂರು ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರು ವಾಪಸ್ ಕೊಡುವವರೇ, ಪೆಟ್ರೋಲ್ ಲೆಕ್ಕದಲ್ಲಿ ಹುಷಾರು

ಕೊಡಗಿನಿಂದ ಬಾಡಿಗೆ ಕಾರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೋಗಿ, ಕಾರನ್ನು ಅಲ್ಲೇ ಒಪ್ಪಿಸಿ ವಿಮಾನ ಹತ್ತುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಚ್ಚೆಂದರೆ ಮೂರೂವರೆ ಲೀಟರ್ ಪೆಟ್ರೋಲಿಗೆ ನಮ್ಮ ಕೈಯಿಂದ 2,006 ರೂಪಾಯಿ ಕಿತ್ತುಕೊಂಡರು. ಕಂಪನಿಯ ಹೆಸರು ಬರೆಯುತ್ತಿಲ್ಲ. ಒಂದು ಹೆಸರು ತಿಳಿದುಕೊಂಡು ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದರೆ ಬಚಾವಾಗುವಂಥ ವಿಷಯ ಇದಲ್ಲ.

ಮಟ್ಟನ್ನೂರಿನಲ್ಲಿರುವ ಈ ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರ್ 9ರಂದು ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ, ಅದರಲ್ಲೂ ಗಲ್ಫ್‌ನಲ್ಲಿ ದುಡಿಯುವವರ ಮನೆಗಳಿಗೆ, ದೊಡ್ಡ ಅನುಕೂಲವಾಗಿದೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ದೇವನಹಳ್ಳಿ ತಲುಪುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾಟಿದರೆ 60 ಕಿ.ಮೀ. ಆಸುಪಾಸಿನಲ್ಲಿ ವಿಮಾನ ನಿಲ್ದಾಣ. ದುಬೈಯಲ್ಲಿರುವ ನನ್ನ ತಮ್ಮ ಹುತ್ತರಿ ಹಬ್ಬಕ್ಕೆ ಬಂದದ್ದೂ ಹಾಗೆಯೇ. ಅಲ್ಲೇ ಕಾರು ತಗೊಂಡು ಬಂದ, ರಜೆ ಮುಗಿದ ಮೇಲೆ ಅಲ್ಲೇ ಕೊಟ್ಟು ಹೋಗುವುದು ಅಂತ ಮಾತಾಗಿತ್ತು. ಅವನಿಗೆ ಇಲ್ಲಿಯ ನಂಬರ್ ಇಲ್ಲದ್ದರಿಂದ ಒಟಿಪಿ ಎಲ್ಲ ನನ್ನ ಮೊಬೈಲಿಗೇ ಬರಬೇಕಿತ್ತು. ಬುಕಿಂಗ್ ನನ್ನ ಹೆಸರಲ್ಲಿ, ಡಿಪಾಸಿಟ್ ನನ್ನ ಖಾತೆಯಿಂದ. ಷರತ್ತು ‘ಫುಲ್ ಟು ಫುಲ್’: ಟ್ಯಾಂಕ್ ತುಂಬಿಸಿ ಕೊಡುತ್ತೇವೆ, ತುಂಬಿಸಿ ವಾಪಸ್ ಕೊಡಿ.

ಹೊರಡುವ ದಿನ ವಿರಾಜಪೇಟೆಯ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದೆವು. ನಮ್ಮ ಕಡೆಯವರು ಯಾರೇ ಆದರೂ ಹಾಗೇ ಮಾಡುವುದು. ಗಡಿಯಾಚೆ ಪೆಟ್ರೋಲ್ ದರ ಜಾಸ್ತಿ ಎನ್ನುವುದು ಎಲ್ಲರಿಗೂ ಗೊತ್ತು. 2023ರ ಏಪ್ರಿಲ್‌ನಿಂದ ಕೇರಳ ಸರ್ಕಾರ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬೇರೆ ಹಾಕಿದೆ. ಇಲ್ಲಿ 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಹೆಚ್ಚಾದ ಮೇಲೂ ಅವರದ್ದೇ ಒಂದು ಕೈ ಮೇಲೆ. ಕೇರಳದ ನಂಬರಿನ ಗಾಡಿಗಳು ಈ ಕಡೆ ಬಂದಾಗ ಟ್ಯಾಂಕ್ ತುಂಬಿಸಿಕೊಂಡು ಘಾಟಿ ಇಳಿಯುವುದನ್ನು ನಾವೇ ನೋಡುತ್ತೇವೆ.

ಏರ್‌ಪೋರ್ಟಿನ ಹೊರಗೆ ಕಂಪನಿಯವರು ಕಾರು ನಿಲ್ಲಿಸಲು ಹೇಳಿದ ಜಾಗ ಇಳಿಜಾರು, ಮುಂದಿನ ಚಕ್ರ ತಗ್ಗಿನಲ್ಲಿ. ಹುಡುಗ ಬಂದು ಡೋರ್‌ಗೆ ಗೀರು ಬಿದ್ದಿದೆಯಾ ಅಂತ ಸುತ್ತ ನೋಡಿ, ಒಳಗೆ ಬಗ್ಗಿ ಮೀಟರ್ ನೋಡಿ, ‘ಒನ್ ಬಾರ್ ಲೆಸ್ ಸಾರ್’ ಅಂದ. ಮೀಟರಿನಲ್ಲಿ ಪೆಟ್ರೋಲ್ ಮಟ್ಟ ತೋರಿಸುವ ಎಂಟು ಕಡ್ಡಿಗಳಲ್ಲಿ ಮೇಲಿನದ್ದು ಆರಿತ್ತು. ವಿರಾಜಪೇಟೆಯ ಬಿಲ್ ತೋರಿಸಿದೆ. ಓದಲೂ ಇಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡೋಣ ಅಂದೆ. ಅದಕ್ಕೂ ಒಪ್ಪಲಿಲ್ಲ. ಮಟ್ಟನ್ನೂರಿಗೆ ಹೋಗಿ ಹಾಕಿಸಿಕೊಂಡು ಬರುತ್ತೇವೆ ಎಂದರೆ, ವಾಪಸ್ ಕೊಡುವ ಹೊತ್ತು ಮೀರಿದರೆ ಹೆಚ್ಚುವರಿ ಗಂಟೆಯ ಬಾಡಿಗೆ ಬೀಳುತ್ತದೆ ಎಂದ. ಅಷ್ಟರಲ್ಲಿ ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಿದ್ದಳು. ‘ಬಿಡಣ್ಣ, ಫ್ಲೈಟ್ ಮಿಸ್ಸಾದ್ರೆ ಟಿಕೆಟ್ ಇವ್ರು ಕೊಡ್ತಾರಾ?’ ಅಂದ ತಮ್ಮ. ಅವನ ಮಾತು ಸರಿಯೇ. ಈ ವಸೂಲಿ ನಿಂತಿರುವುದೇ ಆ ಅವಸರದ ಮೇಲೆ.

ಡಿಪಾಸಿಟ್‌ನಲ್ಲಿ ಮುರಿದುಕೊಂಡ ಲೆಕ್ಕ ಆಮೇಲೆ ಮೆಸೇಜಿನಲ್ಲಿ ಬಂತು. ಒಂದು ಕಡ್ಡಿ ಇಂಧನಕ್ಕೆ 1,200, ಇಂಧನ ತುಂಬಿಸುವ ಸೇವೆಗೆ 500, ಇವೆರಡರ ಮೇಲೆ ಶೇ. 18 ಜಿಎಸ್‌ಟಿ 306. ಆ ಕಾರಿನ ಟ್ಯಾಂಕ್ 37 ಲೀಟರಿನದ್ದು. ಎಂಟು ಕಡ್ಡಿಗೆ ಸಮನಾಗಿ ಹಂಚಿದರೂ ಒಂದಕ್ಕೆ ನಾಲ್ಕೂವರೆ ಲೀಟರ್ ಚಿಲ್ಲರೆ. ನಿಜವಾಗಿ ಉರಿದದ್ದು ಅಷ್ಟೂ ಇಲ್ಲ. ಅಂಥ ಕಾರು 60 ಕಿ.ಮೀ.ಗೆ ಮೂರೂವರೆ ಲೀಟರಿಗಿಂತ ಹೆಚ್ಚು ಕುಡಿಯುವುದಿಲ್ಲ, ಅದರಲ್ಲೂ ಮಾಕುಟ್ಟದವರೆಗೆ ಇಳಿಜಾರೇ ಜಾಸ್ತಿ. ಬಂಕಿನ ದರದಲ್ಲಿ 370 ರೂಪಾಯಿಯ ಮಾಲು. ಇವರ ಲೆಕ್ಕ ಹಿಡಿದರೆ ಲೀಟರಿಗೆ 570 ದಾಟಿತು.

ಕಡ್ಡಿಯ ಲೆಕ್ಕವೇ ಸರಿಯಿಲ್ಲ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ವಾದ ಮಾಡಲು ನಿಮಗೆ ಬೇಕಾಗುವುದು ಇದೇ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬೆಂಡು ಇರುತ್ತದೆ. ಅದು ಏರಿ ಇಳಿದ ಹಾಗೆ ಮೀಟರ್ ತೋರಿಸುತ್ತದೆ. ಗಾಡಿ ಓರೆಯಾಗಿ ನಿಂತರೆ ಪೆಟ್ರೋಲ್ ಒಂದು ಕಡೆಗೆ ಸರಿಯುತ್ತದೆ, ಬೆಂಡಿನ ಮಟ್ಟವೂ ಬದಲಾಗುತ್ತದೆ. ತಿರುವು, ಕುಲುಕಾಟಕ್ಕೆಲ್ಲ ಮೀಟರ್ ಕುಣಿಯಬಾರದೆಂದು ಅದನ್ನು ನಿಧಾನವಾಗಿ ಬದಲಾಗುವಂತೆಯೇ ಮಾಡಿರುತ್ತಾರೆ. ಇದರ ಮೇಲೆ ಕಡ್ಡಿ ಎನ್ನುವುದು ಇದ್ದರೆ ಪೂರ್ತಿ, ಆರಿದರೆ ಪೂರ್ತಿ ಇಲ್ಲ. ಅಂಚಿನಲ್ಲಿ ಒಂದು ಲೋಟ ಪೆಟ್ರೋಲ್ ಕಮ್ಮಿಯಾದರೂ ಇಡೀ ಕಡ್ಡಿ ಆರುತ್ತದೆ. ತಮ್ಮ ಬಂದ ದಿನ ಕಾರನ್ನು ‘ಫುಲ್’ ಅಂತ ಕೊಟ್ಟಿದ್ದರು, ಇರಿಟ್ಟಿ ಪೇಟೆ ದಾಟುವ ಮುಂಚೆಯೇ ಮೇಲಿನ ಕಡ್ಡಿ ಆರಿತ್ತು ಎಂದು ಅವನೇ ಹೇಳಿದ್ದ. ಏರ್‌ಪೋರ್ಟಿನಿಂದ ಇರಿಟ್ಟಿಗೆ ಎಷ್ಟು ದೂರ ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಅಂದರೆ ಕಾರನ್ನು ಕೊಡುವಾಗ ಅಂಚಿನಲ್ಲಿರುವ ಕಡ್ಡಿಯೂ ಫುಲ್, ವಾಪಸ್ ಪಡೆಯುವಾಗ ಅದೇ ಅಂಚಿಗೆ 2,006 ರೂಪಾಯಿ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಹಾಗಾದರೆ ಏನು ಮಾಡಬೇಕು? ಏರ್‌ಪೋರ್ಟ್ ಹತ್ತಿರದ ಬಂಕ್ ದುಬಾರಿ ಎಂಬ ಹೆದರಿಕೆಯನ್ನು ಮೊದಲು ಬಿಡಿ. ಹೊರದೇಶಗಳಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲೇ ಇರುವ ಬಂಕ್‌ಗಳು ಊರೊಳಗಿಗಿಂತ ಬಹಳ ಹೆಚ್ಚು ವಸೂಲಿ ಮಾಡುವುದುಂಟು, ಆ ಮಾತು ಇಲ್ಲಿಗೂ ಬಂದಿದೆ. ನಮ್ಮಲ್ಲಿ ಇಂಡಿಯನ್ ಆಯಿಲ್, ಭಾರತ್, ಎಚ್‌ಪಿ ಬಂಕ್‌ಗಳ ದರ ಕಂಪನಿಯಿಂದಲೇ ನಿಗದಿಯಾಗುತ್ತದೆ. ಬಂಕಿನ ಮಾಲೀಕ ತನಗೆ ತೋಚಿದಷ್ಟು ಏರಿಸುವಂತಿಲ್ಲ. ಖಾಸಗಿ ಕಂಪನಿಗಳ ಬಂಕಿನಲ್ಲಿ ಬೇರೆ ಇರಬಹುದು, ಬೋರ್ಡ್ ನೋಡಿ ಒಳಗೆ ಹೋಗಿ. ಕೊಡಗಿಗೂ ಮಟ್ಟನ್ನೂರಿಗೂ ಇರುವ ವ್ಯತ್ಯಾಸ ಲೀಟರಿಗೆ ಎರಡು ರೂಪಾಯಿ ಆಸುಪಾಸು ಅಂತಿಟ್ಟುಕೊಂಡರೂ ನಾಲ್ಕು ಲೀಟರಿಗೆ ಎಂಟು ರೂಪಾಯಿ. ಆ ಎಂಟು ರೂಪಾಯಿ ಉಳಿಸಲು ಹೋದವರನ್ನೇ ಈ ಬಾಡಿಗೆ ಕಾರಿನ ಕೌಂಟರ್‌ಗಳು ಕಾಯುತ್ತಿರುತ್ತವೆ.

ಆದ್ದರಿಂದ ವಿರಾಜಪೇಟೆಯಲ್ಲಿ ಮುಕ್ಕಾಲು ಟ್ಯಾಂಕ್ ಹಾಕಿಸಿ, ಕಾಡಿನ ದಾರಿಯಲ್ಲಿ ಬಂಕ್ ಸಿಗುವುದಿಲ್ಲ. ಉಳಿದದ್ದನ್ನು ಇರಿಟ್ಟಿ ದಾಟಿದ ಮೇಲೆ, ಆದಷ್ಟು ಮಟ್ಟನ್ನೂರಿನ ಹತ್ತಿರ, ನಾಜಲ್ ತಾನಾಗಿ ನಿಲ್ಲುವ ತನಕ ತುಂಬಿಸಿ. ದಿನಾಂಕ, ಸಮಯ, ಊರಿನ ಹೆಸರಿರುವ ಮುದ್ರಿತ ಬಿಲ್ ಕೇಳಿ ತಗೊಳ್ಳಿ. ಬಂಕಿನಿಂದ ಹೊರಡುವ ಮುಂಚೆ ಇಂಜಿನ್ ಆನ್ ಮಾಡಿ ಮೀಟರೂ ಕಿಲೋಮೀಟರ್ ಸಂಖ್ಯೆಯೂ ಒಟ್ಟಿಗೆ ಕಾಣುವಂತೆ ಫೋಟೊ ಹೊಡೆದುಕೊಳ್ಳಿ. ಕಾರು ಒಪ್ಪಿಸುವ ಜಾಗದಲ್ಲಿ ಇನ್ನೊಂದು. ಎರಡು ಫೋಟೊಗಳ ನಡುವೆ ಓಡಿದ್ದು ನಾಲ್ಕೈದು ಕಿ.ಮೀ. ಅಂತ ಸಂಖ್ಯೆಯೇ ಹೇಳುವಾಗ ‘ಒನ್ ಬಾರ್ ಲೆಸ್’ ಎನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಇದೇ ಫೋಟೊ ಕಾರು ಪಡೆಯುವಾಗಲೂ ಬೇಕು, ಅದೂ ಕಂಪನಿಯ ಹುಡುಗ ಎದುರಿಗಿರುವಾಗಲೇ.

ಬಂಕಿನಲ್ಲಿ ಅವಸರದಲ್ಲಿದ್ದವರಿಗೆ ಎಕ್ಸ್‌ಪಿ95, ಪವರ್, ಸ್ಪೀಡ್ ಅಂತ ದುಬಾರಿ ಪೆಟ್ರೋಲ್ ಹಾಕಿಬಿಡುವುದುಂಟು. ‘ಸಾದಾ ಪೆಟ್ರೋಲ್’ ಅಂತ ಮೊದಲೇ ಹೇಳಿ, ಪಂಪಿನ ಮೀಟರ್ ಸೊನ್ನೆಯಲ್ಲಿದೆಯಾ ನೋಡಿ. ಅಳತೆ ಮೇಲೆ ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ, ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಲೇಬೇಕು.

ಬುಕಿಂಗ್ ಮಾಡುವಾಗ ಇನ್ನೊಂದು ಆಸೆ ತೋರಿಸುತ್ತಾರೆ: ಫುಲ್ ಟ್ಯಾಂಕಿನ ದುಡ್ಡು ಈಗಲೇ ಕಟ್ಟಿ, ಖಾಲಿ ಮಾಡಿ ತಂದುಕೊಡಿ. ಕೇಳಲು ಚೆನ್ನಾಗಿದೆ. ಉಳಿದ ಪೆಟ್ರೋಲಿಗೆ ದುಡ್ಡು ವಾಪಸ್ ಬರುವುದಿಲ್ಲ, ಮಗು ಮರಿ ಕಟ್ಟಿಕೊಂಡು ಮಾಕುಟ್ಟದ ಕಾಡಿನಲ್ಲಿ ಟ್ಯಾಂಕ್ ಖಾಲಿ ಮಾಡಿಕೊಂಡು ಹೋಗುವ ಧೈರ್ಯ ಯಾರಿಗಿದೆ? ‘ಎಷ್ಟಿತ್ತೋ ಅಷ್ಟೇ ಕೊಡಿ’ ಎಂಬ ಷರತ್ತಿನಲ್ಲೂ ಹೆಚ್ಚು ಹಾಕಿಸಿದ್ದು ಅವರ ಪಾಲಿಗೆ ಲಾಭ.

ಮಂಗಳೂರಿನ ಬಜ್ಪೆ ಏರ್‌ಪೋರ್ಟಿಗೆ ಸಂಪಾಜೆ ಘಾಟಿ ಇಳಿದು ಹೋಗುವವರು ಬಿ.ಸಿ. ರೋಡ್ ದಾಟಿದ ಮೇಲೆ, ದೇವನಹಳ್ಳಿಗೆ ಹೋಗುವವರು ಹೆಬ್ಬಾಳ ದಾಟಿದ ಮೇಲೆ ಕೊನೆಯ ತುಂಬಿಸುವಿಕೆ ಇಟ್ಟುಕೊಳ್ಳಿ.

ದುಡ್ಡು ಮುರಿದುಕೊಂಡಾಗಿದ್ದರೂ ಸುಮ್ಮನಿರಬೇಡಿ. ನಾವು ಬಿಲ್, ಫೋಟೊ, ಟ್ಯಾಂಕಿನ ಲೆಕ್ಕ ಎಲ್ಲ ಸೇರಿಸಿ ಇಮೇಲ್ ಮಾಡಿದೆವು. ಸೇವಾ ಶುಲ್ಕದ 500 ಮತ್ತು ಅದರ ತೆರಿಗೆ ವಾಪಸ್ ಬಂತು, ಉಳಿದದ್ದಕ್ಕೆ ‘ಕಂಪನಿಯ ನಿಯಮ’ ಎಂಬ ಉತ್ತರ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಕಂಪನಿ ಕೇರಳದ್ದು, ನಾವು ಅಲ್ಲಿಗೆ ಅಲೆಯಬೇಕು ಅಂತ ಹೆದರಿ ಬಿಟ್ಟುಬಿಡುವವರು ಬಹಳ ಜನ. ಹಾಗೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ನಮಗೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ ಸಾಕು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಸಹಾಯವಾಣಿಯಲ್ಲಿ ಬಗೆಹರಿಯದಿದ್ದರೆ ನಾವು ಹೋಗುವುದು ಅಲ್ಲಿಗೇ. ಬುಕಿಂಗ್ ಮಾತ್ರ ಇಲ್ಲಿ ವಾಸವಿರುವವರ ಹೆಸರಲ್ಲಿರಲಿ. ವಿದೇಶದಲ್ಲಿರುವವರು ಅಲ್ಲಿಂದ ಇದರ ಹಿಂದೆ ಓಡಾಡುವುದು ಕಷ್ಟ.

ಮಳೆಗಾಲದಲ್ಲಿ ಮಾಕುಟ್ಟ ರಸ್ತೆಗೆ ಮರ ಬೀಳುವುದು, ಮಣ್ಣು ಜರಿಯುವುದು ಇದ್ದದ್ದೇ. ಬಂಕಿಗೆ, ಫೋಟೊಗೆ, ಕೌಂಟರಿನಲ್ಲಿ ನಿಂತು ಮಾತಾಡಲಿಕ್ಕೆ ಅಂತಲೇ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಮನೆಯಿಂದ ಹೊರಡಿ.