ಮೂರು ವರ್ಷ ಬಳಸಿದ ಮೇಲೆ: ರೌಟರ್‌ಗೆ ನಾಲ್ಕು ಸ್ಟಾರ್, ಅದರ ಮುಂದೆ ಕೂತ ಡಬ್ಬಿಗೆ ಎರಡು

ಈ ರೌಟರ್ ತಂದ ಮೊದಲ ವಾರದಲ್ಲೇ ಒಂದು ಸ್ಟಾರ್ ಕೊಟ್ಟು, ‘ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಬಂದದ್ದನ್ನು ಮನೆಯೊಳಗಿನ ಯಂತ್ರಕ್ಕೆ ದಾಟಿಸುವ ಸೌಲಭ್ಯ) ಹೆಸರಿಗಷ್ಟೇ ಇದೆ, ದುಡ್ಡು ದಂಡ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಆ ಸಾಲನ್ನು ಇವತ್ತು ಅಳಿಸಿದೆ. ಬೈಸಿಕೊಳ್ಳಬೇಕಾಗಿದ್ದು ಇದಲ್ಲ, ಇದರ ಮುಂದೆ ಕೂತಿರುವ, ಇಂಟರ್ನೆಟ್ ಕಂಪನಿಯವರು ಕೊಟ್ಟ ಬಿಳಿ ಡಬ್ಬಿ.

ನನಗೆ ಬೇಕಾಗಿದ್ದು ಸಣ್ಣ ಕೆಲಸ. ಹಳೇ ಕಂಪ್ಯೂಟರಿನಲ್ಲಿ ಮನೆಮಂದಿಯ ಫೋಟೋಗಳನ್ನೆಲ್ಲ ತುಂಬಿಟ್ಟಿದ್ದೇನೆ, ಹೊರಗಿದ್ದಾಗ ಫೋನಿನಲ್ಲಿ ಅವು ತೆರೆಯಬೇಕು. ಹೊರಗಿನ ಪೋರ್ಟ್ (ಬಾಗಿಲಿನ ನಂಬರ್ ಇದ್ದ ಹಾಗೆ) 8443ಕ್ಕೆ ಬಂದದ್ದು ಒಳಗೆ ಆ ಕಂಪ್ಯೂಟರಿನ ವಿಳಾಸ 192.168.0.50ರ 443ಕ್ಕೆ ಹೋಗಲಿ ಎಂದು ರೂಲ್ ಹಾಕಿ ಸೇವ್ ಒತ್ತಿದೆ. ಹಸಿರು ಟಿಕ್ ಬಂತು. ಹೊರಗಿನ ವಿಳಾಸ ಹಾಕಿ ನೋಡಿದರೆ ಪುಟ ತಿರುಗಿ ತಿರುಗಿ ಟೈಮ್‌ಔಟ್. ರೂಲ್ ಅಳಿಸಿ ಮತ್ತೆ ಬರೆದೆ, ಪಿನ್ ಚುಚ್ಚಿ ಫ್ಯಾಕ್ಟರಿ ರೀಸೆಟ್ ಮಾಡಿದೆ, ಹೊಸ ಫರ್ಮ್‌ವೇರ್ (ರೌಟರ್‌ನೊಳಗಿನ ತಂತ್ರಾಂಶ) ಹಾಕಿದೆ. ಎರಡು ವಾರ ಇದೇ ಭಜನೆ.

ಉತ್ತರ ಕಣ್ಣೆದುರಿಗೇ ಇತ್ತು. ರೌಟರ್‌ನ ಸ್ಟೇಟಸ್ ಪುಟದಲ್ಲಿ ‘ಇಂಟರ್ನೆಟ್ ಐಪಿ’ (ಹೊರಗಿನ ಕಡೆಯ ವಿಳಾಸ) ಎಂಬಲ್ಲಿ 192.168.1.4 ಎಂದಿತ್ತು. ‘ನನ್ನ ಐಪಿ ಯಾವುದು’ ಎಂದು ಹೇಳುವ ವೆಬ್‌ಸೈಟು ಬೇರೆಯದೇ ನಂಬರ್ ತೋರಿಸುತ್ತಿತ್ತು. 192.168ರಿಂದ ಶುರುವಾಗುವವು, 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಇವೆಲ್ಲ ಒಳಗಿನ ಬಳಕೆಗೆಂದೇ ಮೀಸಲಿಟ್ಟ ವಿಳಾಸಗಳು. ಹೊರಗಿನವರಿಗೆ ಅವು ಸಿಗುವುದೇ ಇಲ್ಲ. ಅಂದರೆ ಆ ಬಿಳಿ ಡಬ್ಬಿ ಬರೀ ಮೋಡೆಮ್ ಅಲ್ಲ, ಅದೂ ಒಂದು ರೌಟರ್. ಹೊರಗಿಂದ ಬಂದ ಪ್ಯಾಕೆಟ್ (ನೆಟ್‌ನಲ್ಲಿ ಓಡಾಡುವ ಮಾಹಿತಿಯ ತುಣುಕು) ಮೊದಲು ತಟ್ಟುವುದು ಅದರ ಬಾಗಿಲನ್ನು. ಅಲ್ಲಿ ರೂಲ್ ಇಲ್ಲದಿದ್ದರೆ ಅಲ್ಲೇ ಬಿಸಾಕುತ್ತದೆ. ಯಾರೋ ಬಂದು ಹೋದರೆಂಬುದು ನನ್ನ ರೌಟರ್‌ಗೆ ತಿಳಿಯುವುದೂ ಇಲ್ಲ. ಹೊರಗಿನ ಒಂದೇ ವಿಳಾಸವನ್ನು ಒಳಗಿನ ಹಲವರಿಗೆ ಹಂಚುವ ಕೆಲಸವೇ ನ್ಯಾಟ್, ಅದು ಹೀಗೆ ಎರಡು ಕಡೆ ನಡೆದರೆ ಡಬಲ್ ನ್ಯಾಟ್ ಅಂತಾರೆ.

ಡಬ್ಬಿಯ ತಳದ ಸ್ಟಿಕ್ಕರ್‌ನಲ್ಲಿದ್ದ ಪಾಸ್‌ವರ್ಡಿನಿಂದ ಒಳಹೊಕ್ಕು, ಅದರಲ್ಲೂ 8443 ಅನ್ನು 192.168.1.4ಕ್ಕೆ ತಿರುಗಿಸಿದೆ. ಆಗಲೂ ತೆರೆಯಲಿಲ್ಲ. ಇಲ್ಲಿ ಪೆದ್ದುತನ ನನ್ನದೇ. ಸೋಫಾದಲ್ಲಿ ಕೂತು ಮನೆಯ ವೈಫೈಯಲ್ಲೇ ಪರೀಕ್ಷೆ ಮಾಡುತ್ತಿದ್ದೆ. ಒಳಗಿನಿಂದ ಹೊರಟು, ಹೊರಗಿನ ವಿಳಾಸ ಮುಟ್ಟಿ, ಮತ್ತೆ ಒಳಗೇ ಬರುವ ಪ್ಯಾಕೆಟ್ಟನ್ನು ತಿರುಗಿಸಿ ಕಳಿಸುವುದಕ್ಕೆ ನ್ಯಾಟ್ ಲೂಪ್‌ಬ್ಯಾಕ್ ಎಂಬ ಸೌಲಭ್ಯ ಬೇಕು, ಡಬ್ಬಿಯಲ್ಲಿ ಅದಿರಲಿಲ್ಲ. ಸರಿಯಾಗಿದ್ದ ರೂಲನ್ನೇ ಮೂರು ಸಲ ಅಳಿಸಿದ್ದೇನೆ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ ಎಂದು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಇಷ್ಟೊಂದು ನಿದ್ದೆ ಕೆಡುತ್ತಿರಲಿಲ್ಲ.

ಮೊಬೈಲ್ ಡೇಟಾದಲ್ಲೂ ಬರಲಿಲ್ಲ ಅನ್ನಿ. ಆಗ ಕಂಪ್ಯೂಟರಿನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಪ್ರೋಗ್ರಾಮ್) ಹಾಕಿ, 443ಕ್ಕೆ ಬರುವುದನ್ನಷ್ಟೇ ತೋರಿಸು ಎಂದು ಕಾದು ಕೂತೆ. ಫೋನಿನಲ್ಲಿ ರಿಫ್ರೆಶ್ ಒತ್ತಿದ ತಕ್ಷಣ ಕಪ್ಪು ಪರದೆಯಲ್ಲಿ ಒಂದು ಸಾಲು. ಒಂದು ಸೆಕೆಂಡ್ ಬಿಟ್ಟು ಅದೇ ಸಾಲು ಮತ್ತೆ, ಇನ್ನೆರಡು ಸೆಕೆಂಡಿಗೆ ಮತ್ತೊಂದು. ಮೂರೂ ಬರುವ ಸಾಲುಗಳೇ, ಉತ್ತರ ಹೋಗುತ್ತಿರುವ ಸಾಲು ಒಂದೂ ಇಲ್ಲ. ಎರಡು ರೌಟರ್ ದಾಟಿ ಮನೆ ಬಾಗಿಲಿಗೆ ಬಂದವನನ್ನು ಕಂಪ್ಯೂಟರಿನ ಸ್ವಂತ ಫೈರ್‌ವಾಲ್ ತಡೆದಿತ್ತು, 192.168.0ದವರಿಗೆ, ಅಂದರೆ ಮನೆಯೊಳಗಿನವರಿಗೆ ಮಾತ್ರ ಪ್ರವೇಶ ಎಂದು ಎಂದೋ ನಾನೇ ಬರೆದಿದ್ದೆ. ಆ ಸಾಲು ತಿದ್ದಿದೆ, ಫೋಟೋ ಬಂತು. ಮೂರು ವರ್ಷದಲ್ಲಿ ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಟಿಸಿಪಿಡಂಪ್. ಪ್ಯಾಕೆಟ್ ಕಂಡರೆ ತಪ್ಪು ಈಚೆಗಿದೆ, ಕಾಣದಿದ್ದರೆ ಆಚೆಗಿದೆ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಕರೆಂಟ್ ಹೋಗಿ ಬಂದ ಮೇಲೆ ಡಬ್ಬಿಯು ನನ್ನ ರೌಟರ್‌ಗೆ 192.168.1.4 ಬದಲು 192.168.1.6 ಕೊಟ್ಟಿತ್ತು, ರೂಲ್ ಮಾತ್ರ ಹಳೇ ನಂಬರಿಗೇ ಕಳಿಸುತ್ತಿತ್ತು. ಡಬ್ಬಿಯಲ್ಲಿ ನನ್ನ ರೌಟರ್‌ನ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಬರೆದು ನಂಬರ್ ಕಾಯಂ ಮಾಡಿದೆ. ಎರಡು ತಿಂಗಳಾದ ಮೇಲೆ ಮತ್ತೆ ನಿಂತಿತು. ಈ ಸಲ ಡಬ್ಬಿಯಲ್ಲಿ ನಾನು ಹಾಕಿದ್ದ ರೂಲುಗಳೇ ಇರಲಿಲ್ಲ. ಟಿಆರ್-069 ಎಂಬ ವ್ಯವಸ್ಥೆಯಿಂದ ಕಂಪನಿಯವರು ತಮ್ಮ ಡಬ್ಬಿಗಳನ್ನು ದೂರದಿಂದಲೇ ಅಪ್‌ಡೇಟ್ ಮಾಡಬಲ್ಲರು, ಸೆಟ್ಟಿಂಗ್ ಬದಲಿಸಬಲ್ಲರು. ಫರ್ಮ್‌ವೇರ್ ಹೊಸದಾಗಿತ್ತು, ನನ್ನ ರೂಲು ಹೊಗೆಯಾಗಿತ್ತು.

ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ, ರೌಟರ್ ಕೆಲಸವನ್ನೆಲ್ಲ ನನ್ನದೇ ಮಾಡಲಿ ಎಂದು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ.

“ಸರ್, ನೆಟ್ ಬರ್ತಾ ಇದೆಯಲ್ವಾ?”

“ಬರ್ತಾ ಇದೆ. ಆದರೆ ಒಳಗೆ...”

“ಬರ್ತಾ ಇದ್ರೆ ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್.”

ಐದನೇ ಸಲ ಸಿಕ್ಕವರಿಗೆ ಬ್ರಿಡ್ಜ್ ಅಂದರೇನೆಂದು ಗೊತ್ತಿತ್ತು, ಹತ್ತೇ ನಿಮಿಷದ ಕೆಲಸ. ಪಿಪಿಪಿಒಇ (ಕಂಪನಿಯ ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರು, ವಿಲ್ಯಾನ್ ನಂಬರ್ (ಅವರ ತಂತಿಯಲ್ಲಿ ಇಂಟರ್ನೆಟ್ ಹರಿಯುವ ಪಟ್ಟಿಯ ಗುರುತು) ಕೊಡಲು ಮರೆತರು. ಅದಿಲ್ಲದೆ ಇಡೀ ಮಧ್ಯಾಹ್ನ ಕೆಂಪು ದೀಪ. ಈ ಮೂರನ್ನೂ ಬರೆದಿಟ್ಟುಕೊಂಡ ಮೇಲೆಯೇ ಫೋನ್ ಇಡಿ. ಬ್ರಿಡ್ಜ್ ಸಿಗದವರು ಡಬ್ಬಿಯ ಡಿಎಂಝಡ್‌ನಲ್ಲಿ (ಹೊರಗಿಂದ ಬಂದದ್ದನ್ನೆಲ್ಲ ಒಂದೇ ಯಂತ್ರಕ್ಕೆ ಕಳಿಸುವ ಸೆಟ್ಟಿಂಗ್) ತಮ್ಮ ರೌಟರ್‌ನ ನಂಬರ್ ಹಾಕಬಹುದು, ಆಮೇಲೆ ರೂಲುಗಳನ್ನು ಒಂದೇ ಕಡೆ ನೋಡಿಕೊಂಡರೆ ಸಾಕು.

ಅಲ್ಲಿಂದ ಒಂದೂವರೆ ವರ್ಷ ರೌಟರ್‌ನ ತಂಟೆಗೇ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿ “ಏನೋ ಇದು, ಫೋಟೋ ಒಂದೂ ಬರ್ತಿಲ್ಲ” ಅಂದಳು. ಸ್ಟೇಟಸ್ ಪುಟದಲ್ಲಿ ಐಪಿ 100.72ರಿಂದ ಶುರುವಾಗಿತ್ತು. ನೋಡಲು ಸಾಮಾನ್ಯ ಇಂಟರ್ನೆಟ್ ವಿಳಾಸದ ಹಾಗೇ ಇದೆ, ಮೋಸ ಹೋಗುವುದೇ ಅಲ್ಲಿ. 100.64ರಿಂದ 100.127ರವರೆಗಿನ ಪಟ್ಟಿಯನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ತೆಗೆದಿಟ್ಟಿದ್ದಾರೆ. ಇಲ್ಲಿವರೆಗೆ ಹೇಳಿದ ಹಳೇ ಮಾದರಿಯ, ಅಂದರೆ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಹಾಗಾಗಿ ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತಾರೆ. ಇದು ಸಿಜಿನ್ಯಾಟ್. ರೂಲ್ ಹಾಕಬೇಕಾದ ಯಂತ್ರ ಈಗ ಕಂಪನಿಯವರ ಕಟ್ಟಡದಲ್ಲಿದೆ, ನಮ್ಮ ಮನೆಯಲ್ಲಿ ಏನು ಒತ್ತಿದರೂ ಅಷ್ಟೇ.

ಐಪಿವಿ6 (ವಿಳಾಸಗಳಿಗೆ ಬರವಿಲ್ಲದ ಹೊಸ ಮಾದರಿ) ಇದ್ದವರು ಅದರಲ್ಲೇ ಬರಬಹುದು, ಅಲ್ಲಿ ಫಾರ್ವರ್ಡಿಂಗ್ ಬೇಕಿಲ್ಲ, ರೌಟರ್‌ನ ಫೈರ್‌ವಾಲ್‌ನಲ್ಲಿ ದಾರಿ ಬಿಟ್ಟರೆ ಸಾಕು. ನಾನೂ ಕೆಲವು ತಿಂಗಳು ಹಾಗೆ ನಡೆಸಿದೆ. ಆದರೆ ಅಕ್ಕನ ಮನೆಯ ನೆಟ್‌ನಲ್ಲಿ ಐಪಿವಿ6 ಇಲ್ಲ. ಕೊನೆಗೆ ಬೇರೆ ದಾರಿ ಕಾಣದೆ, ತಿಂಗಳಿಗಿಷ್ಟು ಎಂದು ಹೆಚ್ಚುವರಿ ಕಟ್ಟಿ ಪಬ್ಲಿಕ್ ಐಪಿ (ಹೊರಗಿನವರಿಗೆ ನೇರ ಸಿಗುವ ವಿಳಾಸ) ತೆಗೆದುಕೊಂಡೆ. ಮೊದಲು ಪುಕ್ಕಟೆ ಇದ್ದದ್ದನ್ನು ಹೇಳದೆ ಕೇಳದೆ ಕಿತ್ತುಕೊಂಡು ಮತ್ತೆ ನಮಗೇ ಮಾರುತ್ತಾರಲ್ಲ, ಡಬ್ಬಿಗೆ ಕೊಟ್ಟ ಎರಡು ಸ್ಟಾರೂ ಹೆಚ್ಚೇ ಆಯಿತು.

ಈಗ 8443 ಮುಚ್ಚಿದ್ದೇನೆ. ವೈರ್‌ಗಾರ್ಡ್‌ನ (ಹೊರಗಿಂದ ಮನೆಯ ನೆಟ್‌ಗೆ ಗುಪ್ತ ಸುರಂಗ ಕಟ್ಟುವ ವಿಪಿಎನ್ ಪ್ರೋಗ್ರಾಮ್) ಪೋರ್ಟ್ 51820 ಒಂದೇ ತೆರೆದಿದೆ, ಎಲ್ಲವೂ ಅದರೊಳಗಿಂದಲೇ. ಒಂದು ಎಚ್ಚರಿಕೆ: ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸುವ ಸೈಟುಗಳನ್ನು ಇದಕ್ಕೆ ನಂಬಬೇಡಿ. ಪ್ಯಾಕೆಟ್ ಕಳಿಸುವ ಎರಡು ವಿಧಾನಗಳಲ್ಲಿ ಅವು ಹೆಚ್ಚಾಗಿ ಟಿಸಿಪಿ ಮಾತ್ರ ನೋಡುತ್ತವೆ, ಇದು ಯುಡಿಪಿ. ಅದೂ ಅಲ್ಲದೆ ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ತುಟಿ ಬಿಚ್ಚುವುದಿಲ್ಲ.

ರೌಟರ್ ವಿಷಯಕ್ಕೆ ಬಂದರೆ, ಅಡಾಪ್ಟರ್ ಒಮ್ಮೆ ಸುಟ್ಟದ್ದು ಬಿಟ್ಟರೆ ಕೈಕೊಟ್ಟಿಲ್ಲ, ಹ್ಯಾಂಗ್ ಆಗಿಲ್ಲ. ಕಡಿಮೆ ಮಾಡಿದ ಒಂದು ಸ್ಟಾರ್ ಆ ಹಸಿರು ಟಿಕ್‌ಗಾಗಿ. ತನ್ನ ಇಂಟರ್ನೆಟ್ ಐಪಿ 192.168ರದ್ದು ಅಥವಾ 100.72ರದ್ದು ಎಂದು ಅದಕ್ಕೆ ಗೊತ್ತೇ ಇರುತ್ತದೆ. ‘ನಿನ್ನ ಮುಂದೆ ಇನ್ನೊಂದು ರೌಟರ್ ಇದೆ’ ಎಂದು ರೂಲಿನ ಪುಟದಲ್ಲಿ ಒಂದು ಸಾಲು ಹಾಕಬಹುದಿತ್ತು. ಮೂರು ವರ್ಷದಲ್ಲಿ ನಾಲ್ಕು ಅಪ್‌ಡೇಟ್ ಬಂದಿವೆ, ಟಿಕ್ಕಿನ ಬಣ್ಣ ಸ್ವಲ್ಪ ತಿಳಿಯಾಗಿದೆ.